ಯಾವಾಗಿನಿಂದ ಇಷ್ಟು ನಿದ್ದೆ?



80 ದಾಟಿದ, 90ರ ಹತ್ತಿರ ಬಂದ ಹಿರಿಯರಿರುವ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಅಜ್ಜಿ ಎದ್ದು ತಿಂಡಿ ತಿಂದ್ರು, ಮತ್ತೆ ಮಲಗಿದ್ರು. ಊಟಕ್ಕೆ ಎಬ್ಬಿಸಿದ್ವಿ. ಕೈ ತೊಳೆದು ಬಂದವರು ಕುರ್ಚಿಯಲ್ಲೇ ತೂಕಡಿಸ್ತಾ ಇದ್ದಾರೆ." ನೋಡಲು ಬಂದ ನೆಂಟರು ಸಮಾಧಾನ ಹೇಳುತ್ತಾರೆ: "ವಯಸ್ಸಾಯ್ತಲ್ಲ, ಬಿಡಿ." ಅಜ್ಜಿಯೂ ಅದನ್ನೇ ಒಪ್ಪಿಕೊಂಡಿರುತ್ತಾರೆ. "ಕೈಕಾಲು ಸೋತುಹೋಗಿದೆ ಮಗಾ, ಕಣ್ಣು ತಾನಾಗೇ ಎಳೆಯುತ್ತೆ" ಎಂದು ಗೋಡೆಯ ಕಡೆ ಹೊರಳುತ್ತಾರೆ.

ಆ ಸಮಾಧಾನದಲ್ಲಿ ಅರ್ಧ ನಿಜವಿದೆ. ವಯಸ್ಸು ನಿದ್ದೆಯ ಲಯವನ್ನು ಬದಲಿಸುತ್ತದೆ. ಆದರೆ ಹಗಲೆಲ್ಲ ಮಂಪರು, ಎದ್ದರೆ ಸುಸ್ತು ಎಂಬ ಸ್ಥಿತಿಯ ಹಿಂದೆ ಬಹಳ ಸಲ ಇನ್ನೇನೋ ಇರುತ್ತದೆ. ಒಂದು ಮಾತ್ರೆ, ಒಂದು ಸೋಂಕು, ಕಡಿಮೆಯಾದ ರಕ್ತ, ಬಿಸಿಲು ಕಾಣದ ಕೋಣೆ, ಹೇಳಿಕೊಳ್ಳಲಾಗದ ಬೇಸರ. ಅದನ್ನು ಹುಡುಕಲು ಮನೆಯವರಿಗೆ ದಾರಿ ತೋರುವುದು ಒಂದೇ ಪ್ರಶ್ನೆ: ಯಾವಾಗಿನಿಂದ ಹೀಗೆ? ಎರಡು ದಿನದಿಂದಲೇ, ಎರಡು ತಿಂಗಳಿಂದಲೇ, ಎರಡು ವರ್ಷದಿಂದಲೇ? ಉತ್ತರ ಬದಲಾದಂತೆ ಕಾರಣವೂ ಬದಲಾಗುತ್ತದೆ, ಮಾಡಬೇಕಾದ ಕೆಲಸವೂ ಬದಲಾಗುತ್ತದೆ.

2011ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಅವರಲ್ಲಿ 80 ದಾಟಿದವರೇ ಒಂದು ಕೋಟಿಗೆ ಮಿಕ್ಕಿದ್ದರು. ಅಂದಿನಿಂದ ಈ ಸಂಖ್ಯೆ ಏರುತ್ತಲೇ ಬಂದಿದೆ. ಹಿಂದೆ ಊರಿಗೊಬ್ಬರಂತೆ ಇದ್ದ ತೊಂಬತ್ತರ ಹಿರಿಯರು ಈಗ ಬೀದಿಗೊಬ್ಬರಂತೆ ಇದ್ದಾರೆ. ಅವರನ್ನು ನೋಡಿಕೊಳ್ಳುವ ಮಕ್ಕಳಿಗೇ ಅರವತ್ತೈದು, ಎಪ್ಪತ್ತು ವರ್ಷ.

ಅಷ್ಟು ವಯಸ್ಸಿನಲ್ಲೂ ಎಚ್ಚರವಾಗಿದ್ದವರ ಉದಾಹರಣೆ ಕನ್ನಡಿಗರಿಗೆ ಹೊಸದಲ್ಲ. 1861ರಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳ ಪುಸ್ತಕವನ್ನು ಪ್ರಕಟಿಸಿದ್ದು 1951ರಲ್ಲಿ, 90ರ ಅಂಚಿನಲ್ಲಿ. ಅವರು ನೂರು ದಾಟಿ 1962ರಲ್ಲಿ ತೀರಿಕೊಂಡರು. ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1913ರಿಂದ 2021ರವರೆಗೆ, 107 ವರ್ಷ ಬಾಳಿದರು. ನೂರು ತುಂಬಿದ ಮೇಲೂ ಕನ್ನಡದ ಬಗ್ಗೆ ಮಾತನಾಡುತ್ತಿದ್ದರು. ವಯಸ್ಸೊಂದೇ ಮನುಷ್ಯನನ್ನು ಹಾಸಿಗೆಗೆ ತಳ್ಳುವುದಿಲ್ಲ ಎಂಬುದಕ್ಕೆ ಈ ಹಿರಿಯರು ಸಾಕ್ಷಿ. ಆದರೆ ಇವರ ಹೆಸರು ಹೇಳಿ ಮನೆಯ ಅಜ್ಜನನ್ನು ಹಂಗಿಸುವುದು ತಪ್ಪು. ತೂಕಡಿಸುವ ಅಜ್ಜ ಸೋಮಾರಿಯಲ್ಲ. ಅವರ ದೇಹದಲ್ಲಿ ಏನೋ ನಡೆಯುತ್ತಿದೆ.

ಹುಡುಕಲು ಹೊರಡುವ ಮೊದಲು ಇನ್ನೊಂದನ್ನು ಬೇರ್ಪಡಿಸಿಕೊಳ್ಳಬೇಕು. ಸುಸ್ತು ಬೇರೆ, ನಿದ್ದೆ ಬೇರೆ. ಸುಸ್ತಾದವರಿಗೆ ಮಲಗಬೇಕು ಅನ್ನಿಸುತ್ತದೆ, ಆದರೆ ಮಲಗಿದರೆ ಕಣ್ಣು ಹತ್ತುವುದಿಲ್ಲ. ನಿದ್ದೆ ಹೆಚ್ಚಾದವರು ಕೂತಲ್ಲೇ, ಬೇಡವೆಂದರೂ, ಜೊಂಪಿಗೆ ಜಾರುತ್ತಾರೆ. "ನಿದ್ದೆ ಬರ್ತಿದೆಯಾ, ಇಲ್ಲ ಕೈಲಾಗ್ತಿಲ್ವಾ?" ಎಂದು ಹಿರಿಯರನ್ನೇ ಕೇಳಿದರೆ ಸಾಮಾನ್ಯವಾಗಿ ಸರಿಯಾದ ಉತ್ತರ ಸಿಗುತ್ತದೆ. ರಕ್ತಹೀನತೆ, ಹೃದಯದ ದೌರ್ಬಲ್ಯ, ಸ್ನಾಯು ಕರಗುವಿಕೆ ಹೆಚ್ಚಾಗಿ ಸುಸ್ತನ್ನು ತರುತ್ತವೆ. ಮಾತ್ರೆಗಳು, ರಾತ್ರಿ ಉಸಿರಾಟದ ತೊಂದರೆ, ಮಿದುಳಿನ ಕಾಯಿಲೆಗಳು ನಿದ್ದೆಯನ್ನು ತರುತ್ತವೆ. ಎರಡೂ ಕೂಡಿಬರುವುದೂ ಉಂಟು.

1991ರಲ್ಲಿ ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ ಅವರು ಹಗಲು ನಿದ್ದೆಯನ್ನು ಅಳೆಯಲು ಎಂಟು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಎಪ್‌ವರ್ತ್ ಮಾಪಕ ಎಂಬ ಹೆಸರಿನಿಂದ ಅದು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಓದುವಾಗ, ಟಿ.ವಿ. ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಯಾರೊಡನೆಯೋ ಮಾತನಾಡುವಾಗ ನಿದ್ದೆ ಬರುವ ಸಂಭವ ಎಷ್ಟು ಎಂದು ಅದು ಕೇಳುತ್ತದೆ. ಒಟ್ಟು 24 ಅಂಕ. 10 ದಾಟಿದರೆ ನಿದ್ದೆ ಹೆಚ್ಚು ಎಂದು ಲೆಕ್ಕ. ಕಾರಿನ ಪ್ರಯಾಣವನ್ನೂ ಕೇಳುವ ಆ ಪಟ್ಟಿ ನಮ್ಮ ಹಳ್ಳಿಯ ಅಜ್ಜಿಗೆ ಪೂರ್ತಿ ಹೊಂದುವುದಿಲ್ಲ. ಆದರೂ ಅದರ ಒಳತಿರುಳು ಎಲ್ಲರಿಗೂ ಬೇಕಾದದ್ದು. ಊಟವಾದ ಮೇಲೆ ಕಣ್ಣು ಮುಚ್ಚುವುದು ಒಂದು ಬಗೆ. ಮಾತಿನ ನಡುವೆ, ಕೈಯಲ್ಲಿ ತುತ್ತು ಹಿಡಿದುಕೊಂಡೇ ಕಣ್ಣು ಮುಚ್ಚುವುದು ತಡಮಾಡದೆ ವೈದ್ಯರಿಗೆ ಹೇಳಬೇಕಾದ ಇನ್ನೊಂದು ಬಗೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ: ಯಾವಾಗಿನಿಂದ ಹೀಗೆ? ಉತ್ತರ "ಮೊನ್ನೆಯಿಂದ" ಎಂದಾದರೆ?

ಅದು ತುರ್ತು. ಮೊನ್ನೆಯವರೆಗೆ ತಾವೇ ಎದ್ದು ಬಚ್ಚಲಿಗೆ ಹೋಗುತ್ತಿದ್ದ, ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜಿ ಇಂದು ಕರೆದರೆ "ಹ್ಞೂಂ" ಎಂದು ಮತ್ತೆ ಮಂಪರಿಗೆ ಜಾರುತ್ತಿದ್ದರೆ ಅದನ್ನು ವಿಶ್ರಾಂತಿ ಎಂದುಕೊಂಡು ಬಿಡಬಾರದು. ವೈದ್ಯಕೀಯದಲ್ಲಿ ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಡೆಲಿರಿಯಂ ಬಂದವರು ಕೆಲವೊಮ್ಮೆ ಕೂಗಾಡುತ್ತಾರೆ, ಇಲ್ಲದ್ದು ಕಂಡಂತೆ ಮಾತನಾಡುತ್ತಾರೆ. ಆಗ ಮನೆಮಂದಿಯೆಲ್ಲ ಎಚ್ಚೆತ್ತು ಆಸ್ಪತ್ರೆಗೆ ಓಡುತ್ತಾರೆ. ಅದೇ ಕಾಯಿಲೆಯ ಸದ್ದಿಲ್ಲದ ರೂಪದಲ್ಲಿ ರೋಗಿ ಸುಮ್ಮನೆ ಮಲಗಿರುತ್ತಾರೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಹಾಗಾಗಿ ಮನೆಯಲ್ಲೂ ಆಸ್ಪತ್ರೆಯ ವಾರ್ಡಿನಲ್ಲೂ ಅದು ಕಣ್ತಪ್ಪಿ ಹೋಗುತ್ತದೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ ನೋಡಿ: ಭಾನುವಾರ, ಶನಿವಾರ, ಶುಕ್ರವಾರ... ಹಿಂದಿನ ವಾರ ಹೇಳಬಲ್ಲವರು ಈ ವಾರ ನಡುವೆ ಎಳೆ ತಪ್ಪಿದರೆ ಕಾರಣ ಹುಡುಕಬೇಕು.

ಕಾರಣ ಹೆಚ್ಚಾಗಿ ಮಿದುಳಿನಾಚೆ ಇರುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ ದೊಡ್ಡ ಕಾರಣಗಳು. ತೀರಾ ವಯಸ್ಸಾದವರಿಗೆ ಸೋಂಕು ತಗುಲಿದಾಗ ಜ್ವರ ಬಾರದೆಯೂ ಇರಬಹುದು, ಕೆಮ್ಮು ಕಾಣದೆಯೂ ಇರಬಹುದು. ಮಂಪರೇ ಮೊದಲ ಚಿಹ್ನೆ. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ದೇಹ ಒಣಗಿದರೂ ಅವರು ನೀರು ಕೇಳುವುದಿಲ್ಲ.

"ಸೋಡಿಯಂ ಕಡಿಮೆಯಾಗಿದೆಯಂತೆ" ಎಂಬ ಮಾತು ಇತ್ತೀಚೆಗೆ ಮನೆಮನೆಯಲ್ಲಿ ಕೇಳುತ್ತದೆ. ರಕ್ತದಲ್ಲಿ ಸೋಡಿಯಂ ಒಂದು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಅದು ಇಳಿದರೆ ಮಂಪರು, ತಡವರಿಕೆ, ಹೆಜ್ಜೆ ತಪ್ಪುವುದು ಶುರುವಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು ಹಿರಿಯರಲ್ಲಿ ಸೋಡಿಯಂ ಇಳಿಸುತ್ತವೆ. ವಾಂತಿಭೇದಿಯಾದರೆ, ಊಟ ತೀರಾ ಕಡಿಮೆಯಾದರೆ ಇನ್ನಷ್ಟು ಇಳಿಯುತ್ತದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡಲು ಹೋಗಬಾರದು. ಸೋಡಿಯಂ ತೀರಾ ವೇಗವಾಗಿ ಏರಿದರೆ ಮಿದುಳಿಗೆ ಹಾನಿ. ವೈದ್ಯರು ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತ ಅದನ್ನು ನಿಧಾನವಾಗಿ ಏರಿಸುತ್ತಾರೆ.

ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ಸಾಧ್ಯತೆ ಇದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ಮಂಪರು ಕಾಣುತ್ತದೆ. ನುಂಗಬಲ್ಲವರಿಗೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರಿಗೆ 108ರ ಆಂಬುಲೆನ್ಸ್ ಕರೆಸಬೇಕು.

ತಲೆಗೆ ಬಿದ್ದ ಪೆಟ್ಟಿನ ಪರಿಣಾಮ ಬೇರೆಯೇ ವೇಗದಲ್ಲಿ ಬರುತ್ತದೆ. ಬಚ್ಚಲಲ್ಲಿ ಜಾರಿ ಬಾಗಿಲಿಗೆ ತಲೆ ತಾಗಿದ್ದನ್ನು ಎಲ್ಲರೂ ಮರೆತಿರುತ್ತಾರೆ. ಮೂರು ನಾಲ್ಕು ವಾರಗಳ ಮೇಲೆ ಅಜ್ಜ ದಿನೇ ದಿನೇ ಮಂಕಾಗುತ್ತಾರೆ, ಒಂದು ಕಾಲು ಎಳೆಯುತ್ತಾರೆ, ನಿದ್ದೆ ಹೆಚ್ಚುತ್ತದೆ. ತಲೆಬುರುಡೆ ಮತ್ತು ಮಿದುಳಿನ ನಡುವೆ ರಕ್ತ ಮೆಲ್ಲಗೆ ಸೇರಿಕೊಂಡಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದರ ಭಯ ಹೆಚ್ಚು. ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕಾಣುತ್ತದೆ. ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಆ ರಕ್ತ ಹೊರತೆಗೆದ ಮೇಲೆ ಮೊದಲಿನಂತೆ ಎದ್ದು ಕೂತ ಎಂಬತ್ತು, ತೊಂಬತ್ತರ ಹಿರಿಯರು ಬೇಕಾದಷ್ಟು ಜನ ಇದ್ದಾರೆ. "ಇಷ್ಟು ವಯಸ್ಸಾದ ಮೇಲೆ ಸ್ಕ್ಯಾನ್ ಯಾಕೆ?" ಎನ್ನುವವರು ಇದನ್ನು ನೆನಪಿಡಬೇಕು.

ಇನ್ನು, "ಎರಡು ಮೂರು ತಿಂಗಳಿಂದ" ಎಂಬ ಉತ್ತರ. ಇಲ್ಲಿ ಮೊದಲು ತೆರೆಯಬೇಕಾದದ್ದು ಮಾತ್ರೆಗಳ ಡಬ್ಬಿ.

ಎಂಬತ್ತರ ಯಕೃತ್ತು ಮತ್ತು ಮೂತ್ರಪಿಂಡ ಔಷಧವನ್ನು ನಿಧಾನವಾಗಿ ಹೊರಹಾಕುತ್ತವೆ. ಡಯಾಜೆಪಾಮ್ ಎಂಬ ನಿದ್ದೆ ತರಿಸುವ ಔಷಧದ ಬಗ್ಗೆ 1975ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. 20 ವರ್ಷದವರ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಸಾಕು. 80 ವರ್ಷದವರಲ್ಲಿ ಸುಮಾರು 90 ಗಂಟೆ ಬೇಕು. ಅಂದರೆ ಸೋಮವಾರ ರಾತ್ರಿ ನುಂಗಿದ ಮಾತ್ರೆಯ ಅರ್ಧ ಶುಕ್ರವಾರವೂ ರಕ್ತದಲ್ಲೇ ಇರುತ್ತದೆ. ಅದರ ಮೇಲೆ ದಿನಕ್ಕೊಂದರಂತೆ ಸೇರುತ್ತ ಹೋದರೆ ಹಗಲು ಮಂಪರು ಬಾರದೆ ಇರುವುದಾದರೂ ಹೇಗೆ? ಹಿರಿಯರಿಗೆ ಆದಷ್ಟೂ ಕೊಡಬಾರದ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಅವರ ಜೊತೆಗಾರರು 1991ರಲ್ಲಿ ಮೊದಲು ಪ್ರಕಟಿಸಿದರು. ಅಲ್ಲಿಯ ವೃದ್ಧವೈದ್ಯರ ಸಂಘ ಅದನ್ನು 2023ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿತು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಅದರಲ್ಲಿವೆ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ನರನೋವಿಗೂ ಕೊಡುವ ಅಮಿಟ್ರಿಪ್ಟಲೀನ್ ಕೂಡ ಇವೆ. ನರನೋವಿಗೆ ಕೊಡುವ ಪ್ರಿಗಬಾಲಿನ್, ಗ್ಯಾಬಪೆಂಟಿನ್ ಸಹ ನಿದ್ದೆ ತರಿಸುತ್ತವೆ.

ಒಬ್ಬ ವೈದ್ಯರು ಮಂಡಿಗೆ, ಇನ್ನೊಬ್ಬರು ಹೃದಯಕ್ಕೆ, ಮತ್ತೊಬ್ಬರು ನಿದ್ದೆಗೆ, ಮಗ ಊರಿನ ಔಷಧಿ ಅಂಗಡಿಯಿಂದ ನೆಗಡಿಗೆ. ಹೀಗೆ ಸೇರಿದ ಹತ್ತು ಹನ್ನೆರಡು ಮಾತ್ರೆಗಳನ್ನು ಒಟ್ಟಿಗೆ ನೋಡಿದವರು ಯಾರೂ ಇರುವುದಿಲ್ಲ. ಆ ಡಬ್ಬಿಯನ್ನು ಹಾಗೆಯೇ ಒಬ್ಬ ವೈದ್ಯರ ಮುಂದಿಟ್ಟು, "ಇದರಲ್ಲಿ ಯಾವುದನ್ನು ಬಿಡಬಹುದು?" ಎಂದು ಕೇಳಬೇಕು. ತಾವಾಗಿಯೇ ನಿಲ್ಲಿಸಬಾರದು. ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ಅದನ್ನು ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.

ಡಬ್ಬಿಯ ನಂತರ ರಕ್ತ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಿರಿಯರಲ್ಲಿ ಕಬ್ಬಿಣದ ಕೊರತೆ ಕಂಡರೆ, ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಬಿ-12 ಜೀವಸತ್ವದ ಕೊರತೆ ಸಸ್ಯಾಹಾರಿ ಮನೆಗಳಲ್ಲಿ ವಿಶೇಷ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ, ಕಾಳು ತರಕಾರಿಗಳಲ್ಲಿ ಇಲ್ಲ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ತಿಂದ ಬಿ-12 ಅನ್ನೂ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ಕಿಗೆಂದು ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್‌ನಂಥ ಮಾತ್ರೆಗಳು ಇದನ್ನು ಇನ್ನಷ್ಟು ತಗ್ಗಿಸುತ್ತವೆ. ಚಿಕಿತ್ಸೆ ಸುಲಭ, ಅಗ್ಗ. ಪರೀಕ್ಷೆ ಮಾಡಿಸಿದರೆ ಮಾತ್ರ ಕೊರತೆ ಗೊತ್ತಾಗುತ್ತದೆ.

ಥೈರಾಯ್ಡ್ ಮಂದವಾದರೂ ಇದೇ ಕಥೆ. ಸುಸ್ತು, ಚಳಿ, ಮಲಬದ್ಧತೆ, ನಿಧಾನವಾದ ಮಾತು ಎಲ್ಲವೂ ಮುಪ್ಪಿನ ಲಕ್ಷಣದಂತೆಯೇ ಕಾಣುತ್ತವೆ. ಹೃದಯ ದುರ್ಬಲವಾದವರಿಗೆ ಕಾಲು ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿ ನಿದ್ದೆ ಕೆಟ್ಟು ಹಗಲು ಕಣ್ಣು ಎಳೆಯುತ್ತದೆ. ಗಟ್ಟಿಯಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತು, ಬೆಚ್ಚಿದಂತೆ ಮತ್ತೆ ಉಸಿರೆಳೆಯುವವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಲ್ಲುವುದು ರಾತ್ರಿಯಿಡೀ ಮರುಕಳಿಸಿದರೆ ಎಂಟು ಗಂಟೆ ಮಲಗಿದ್ದರೂ ನಿದ್ದೆಯ ಲಾಭ ಸಿಗುವುದಿಲ್ಲ. ಸಿಡ್ನಿಯ ವೈದ್ಯ ಕಾಲಿನ್ ಸುಲಿವನ್ 1981ರಲ್ಲಿ ಪರಿಚಯಿಸಿದ ಗಾಳಿಯೊತ್ತಡದ ಯಂತ್ರ ಇಂದಿಗೂ ಇದಕ್ಕೆ ಮುಖ್ಯ ಚಿಕಿತ್ಸೆ. ಎಂಬತ್ತು ದಾಟಿದವರೂ ಅದಕ್ಕೆ ಹೊಂದಿಕೊಳ್ಳಬಲ್ಲರು.

ತಿಂಗಳುಗಳ ಲೆಕ್ಕದಲ್ಲಿ ಬರುವ ಇನ್ನೊಂದು ಕಾರಣ ದುಃಖ. ಅರವತ್ತು ವರ್ಷ ಜೊತೆಗಿದ್ದ ಗಂಡ ತೀರಿಕೊಂಡ ಮೇಲೆ, ಹುಟ್ಟಿದ ಊರು ಬಿಟ್ಟು ಮಗನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅಜ್ಜಿಗೆ ಹಾಸಿಗೆ ಬಿಟ್ಟೇಳಲು ಕಾರಣವೇ ಇಲ್ಲವೆನಿಸುತ್ತದೆ. "ಬದುಕಿದ್ದು ಏನು ಮಾಡೋದು?" ಎಂಬ ಮಾತನ್ನು ವೈರಾಗ್ಯವೆಂದು ತಲೆದೂಗಿ ಸುಮ್ಮನಾಗಬಾರದು. ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯಕೀಯಕ್ಕೇ ಪ್ರತ್ಯೇಕ ಸೇವೆ ಇದೆ. ಕಿವಿ ಕೇಳದಿರುವುದೂ ಇಲ್ಲಿ ಸೇರುತ್ತದೆ. ಸುತ್ತಲಿನ ಮಾತು ಕಿವಿಗೆ ಬೀಳದೆ, ಟಿ.ವಿ. ಕಣ್ಣಿಗೆ ಮಸುಕಾದರೆ ಮನುಷ್ಯ ಎಚ್ಚರವಾಗಿರುವುದು ಯಾತಕ್ಕೆ?

ಮೂರನೆಯ ಉತ್ತರ: "ವರ್ಷಗಳಿಂದ ಹೀಗೇ, ಮೆಲ್ಲಗೆ ಹೆಚ್ಚುತ್ತಿದೆ." ಇಲ್ಲಿ ವಯಸ್ಸಿನ ಪಾಲು ದೊಡ್ಡದು.

ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಹಗಲು ರಾತ್ರಿಯ ಗಡಿಯಾರ ಅದೇ. ಬೆಳಗಿನ ಬೆಳಕು ಕಣ್ಣಿನ ಮೂಲಕ ದಿನವೂ ಅದನ್ನು ಸರಿಪಡಿಸುತ್ತದೆ. ವಯಸ್ಸಾದಂತೆ ಈ ಗಡಿಯಾರದ ಹಿಡಿತ ಸಡಿಲವಾಗುತ್ತದೆ. ಸಂಜೆ ಏಳಕ್ಕೇ ನಿದ್ದೆ, ಬೆಳಗಿನ ಮೂರಕ್ಕೆ ಎಚ್ಚರ. ಆಳವಾದ ನಿದ್ದೆಯ ಪಾಲು ಇಳಿಯುತ್ತದೆ, ಮೂತ್ರಕ್ಕೆ ಏಳುವುದು ಹೆಚ್ಚುತ್ತದೆ. ರಾತ್ರಿ ಚೂರುಚೂರಾದ ನಿದ್ದೆ ಹಗಲಿಗೆ ಹರಿದು ಬರುತ್ತದೆ. ಕಣ್ಣಿನ ಮಸೂರ ವರ್ಷಗಳಲ್ಲಿ ಹಳದಿಯಾಗಿ, ಪಾಪೆ ಕಿರಿದಾಗಿ, ಗಡಿಯಾರಕ್ಕೆ ಬೇಕಾದ ನೀಲಿ ಬೆಳಕು ಒಳಹೋಗುವುದೇ ಕಡಿಮೆ. ಪೊರೆಯ ಶಸ್ತ್ರಚಿಕಿತ್ಸೆ ಆ ಬೆಳಕಿಗೂ ಮತ್ತೆ ದಾರಿ ಬಿಡುತ್ತದೆ.

ಬೆಳಕಿನ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಹೊರಗಿನ ಹಗಲು ಬೆಳಕು 10,000 ಲಕ್ಸ್ ದಾಟುತ್ತದೆ. ಟ್ಯೂಬ್‌ಲೈಟ್ ಹಚ್ಚಿದ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಮಾತ್ರ. ನೆದರ್‌ಲೆಂಡ್ಸ್‌ನ 12 ಆರೈಕೆ ಮನೆಗಳಲ್ಲಿ 189 ಹಿರಿಯರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ನೆನಪಾಗಬೇಕು. ಅವರ ಸರಾಸರಿ ವಯಸ್ಸು 86ರ ಹತ್ತಿರ, ಹೆಚ್ಚಿನವರಿಗೆ ಮರೆವಿನ ಕಾಯಿಲೆ. ಕೆಲವು ಮನೆಗಳ ಹಜಾರದಲ್ಲಿ ಹಗಲಿಡೀ ಸುಮಾರು 1,000 ಲಕ್ಸ್ ಪ್ರಖರ ಬೆಳಕು ಇಟ್ಟರು. ಅಲ್ಲಿದ್ದವರ ನೆನಪಿನ ಕುಸಿತ ಸ್ವಲ್ಪ ನಿಧಾನವಾಯಿತು, ಖಿನ್ನತೆಯ ಲಕ್ಷಣ ತಗ್ಗಿತು. ಬೆಳಕಿಲ್ಲದೆ, ನಿದ್ದೆಗೆಂದು ಕೊಡುವ ಮೆಲಟೋನಿನ್ ಮಾತ್ರೆಯನ್ನಷ್ಟೇ ಕೊಟ್ಟಾಗ ಹಿರಿಯರ ಮನಸ್ಸು ಇನ್ನಷ್ಟು ಮುದುಡಿತು. ಬಿಸಿಲಿಗೆ ಬಡತನವಿಲ್ಲದ ನಮ್ಮ ನಾಡಿನಲ್ಲಿ, ಊರ ಮನೆಯ ಜಗಲಿಯ ಮೇಲೆ ಕೂತ ಅಜ್ಜನಿಗೆ ಈ ಬೆಳಕು ಕಾಸಿಲ್ಲದೆ ಸಿಗುತ್ತಿತ್ತು. ಕಿಟಕಿಗೆ ಪರದೆ ಎಳೆದ ಮೂರನೇ ಮಹಡಿಯ ಕೋಣೆಯಲ್ಲಿ ಸಿಗುವುದಿಲ್ಲ.

ವರ್ಷಗಳಲ್ಲಿ ಹೆಚ್ಚುವ ಹಗಲು ನಿದ್ದೆ ಕೆಲವರಲ್ಲಿ ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾದ, ಮುನ್ಸೂಚನೆಯೂ ಹೌದು. ಅಮೆರಿಕದಲ್ಲಿ 83ರ ಆಸುಪಾಸಿನ 733 ಮಹಿಳೆಯರನ್ನು ಐದು ವರ್ಷ ಗಮನಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಅವರಲ್ಲಿ ಯಾರಿಗೂ ಡಿಮೆನ್ಷಿಯಾ ಇರಲಿಲ್ಲ. ನಿದ್ದೆಯ ಕ್ರಮ ಹೆಚ್ಚು ಬದಲಾಗದವರಲ್ಲಿ 100ಕ್ಕೆ 8 ಜನರಿಗೆ ಡಿಮೆನ್ಷಿಯಾ ಬಂತು. ಹಗಲೂ ರಾತ್ರಿಯೂ ನಿದ್ದೆ ಹೆಚ್ಚುತ್ತ ಹೋದವರಲ್ಲಿ 100ಕ್ಕೆ 19. ಆಲ್ಜೈಮರ್ ಕಾಯಿಲೆಯಲ್ಲಿ, ನಮ್ಮನ್ನು ಎಚ್ಚರವಾಗಿಡುವ ನರಕೋಶಗಳೇ ಬಹಳವಾಗಿ ನಾಶವಾಗುವುದನ್ನು ಸ್ಯಾನ್‌ಫ್ರಾನ್ಸಿಸ್ಕೋದ ವಿಜ್ಞಾನಿಗಳು 2019ರಲ್ಲಿ ತೋರಿಸಿದ್ದಾರೆ. ಆದ್ದರಿಂದ ನಿದ್ದೆಯ ಜೊತೆಗೆ ಮರೆವು, ದಾರಿ ತಪ್ಪುವುದು, ಇಲ್ಲದವರು ಕಾಣುವುದು, ರಾತ್ರಿ ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು ಇದ್ದರೆ ನರರೋಗ ತಜ್ಞರನ್ನು ಕಾಣಬೇಕು. ಹೀಗೆ ವರ್ಷಗಳ ಬದಲಾವಣೆಯನ್ನೇ ಹಿಂಬಾಲಿಸುವ ಒಂದು ದೊಡ್ಡ ಅಧ್ಯಯನ ನಮ್ಮ ನಾಡಿನಲ್ಲೂ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಸಾವಿರಾರು ಜನರ ಮಿದುಳಿನ ಆರೋಗ್ಯವನ್ನು ಗಮನಿಸುತ್ತ ಬಂದಿದೆ.

ಕಾರಣ ಹುಡುಕಿದ್ದಾಯಿತು, ಚಿಕಿತ್ಸೆಯೂ ಆಯಿತು. ಆಮೇಲೂ ಉಳಿಯುವ ಸುಸ್ತು ಮತ್ತು ನಿದ್ದೆಯೊಂದಿಗೆ ಬಾಳುವುದು ಹೇಗೆ?

ಮೊದಲು, ಮಲಗಿದಷ್ಟೂ ಸುಸ್ತು ಹೆಚ್ಚು ಎಂಬುದನ್ನು ತಿಳಿಯಬೇಕು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವಯಸ್ಸಿನ 12 ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲಿಟ್ಟರು. ಅಷ್ಟರಲ್ಲೇ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ತೊಂಬತ್ತರ ಅಜ್ಜಿಯ ಕಾಲಿನಲ್ಲಿ ಕಳೆದುಕೊಳ್ಳಲು ಅಷ್ಟು ಸ್ನಾಯುವಾದರೂ ಎಲ್ಲಿರುತ್ತದೆ?

ಕಳೆದದ್ದು ಮರಳಿ ಬರುತ್ತದೆಯೇ ಎಂಬುದಕ್ಕೆ ಬಾಸ್ಟನ್‌ನ ವೃದ್ಧರ ಆಸ್ಪತ್ರೆಯೊಂದರಿಂದ 1990ರಲ್ಲಿ ಬಂದ ಉತ್ತರ ಇಂದಿಗೂ ಧೈರ್ಯ ಕೊಡುತ್ತದೆ. ಡಾ. ಮರಿಯಾ ಫಿಯಾಟರೋನ್ ಅವರು 86ರಿಂದ 96 ವಯಸ್ಸಿನ ಹತ್ತು ಜನ ದುರ್ಬಲ ಹಿರಿಯರಿಗೆ ಎಂಟು ವಾರ ಕಾಲಿನ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174 ಹೆಚ್ಚಿತು. ಒಂದರ ಮುಂದೊಂದು ಹೆಜ್ಜೆಯಿಟ್ಟು ನಡೆಯುವ ವೇಗ ಶೇಕಡಾ 48 ಏರಿತು. ನಮ್ಮ ಮನೆಯಲ್ಲಿ ಯಂತ್ರ ಬೇಕಿಲ್ಲ. ಗಟ್ಟಿ ಕುರ್ಚಿಯಿಂದ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಐದು ಸಲ ಎದ್ದು ಕೂರುವುದು. ಮರುದಿನ ಮತ್ತೆ. ಒಂದು ವಾರ ಕಳೆದು ಆರು ಸಲ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಬೇಕು.

ಸ್ನಾಯುವಿಗೆ ಪ್ರೋಟೀನ್ ಬೇಕು. ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂದು ತಜ್ಞರ ಸಲಹೆ. ಅಂದರೆ 50 ಕಿಲೋ ತೂಕದ ಅಜ್ಜಿಗೆ 50ರಿಂದ 60 ಗ್ರಾಂ. ಹಲ್ಲಿಲ್ಲವೆಂದು ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೊಸರನ್ನ, ರಾತ್ರಿ ಬ್ರೆಡ್ಡು ಹಾಲು ಕೊಟ್ಟರೆ ಇದರ ಅರ್ಧವೂ ಸೇರುವುದಿಲ್ಲ. ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಮೆತ್ತಗೆ ಬೇಯಿಸಿದ ಹೆಸರುಬೇಳೆ ತೊವ್ವೆ, ಕಡಲೆಕಾಯಿ ಪುಡಿ, ಪನೀರು, ಮೀನು ದಿನದೂಟದಲ್ಲಿ ಹರಡಿಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆಯವರ ಅಳತೆ ಮಾತ್ರ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಊಟವೂ ಮಂಪರು ತರುತ್ತದೆ. ಊಟವಾದ ಎರಡು ಗಂಟೆಯೊಳಗೆ ಮೇಲಿನ ರಕ್ತದೊತ್ತಡ 20 ಅಂಶ ಅಥವಾ ಹೆಚ್ಚು ಬೀಳುವುದು ತೀರಾ ಹಿರಿಯರಲ್ಲಿ ಸಾಮಾನ್ಯ. ತಟ್ಟೆ ತುಂಬ ಅನ್ನ, ದೊಡ್ಡ ಮುದ್ದೆ ಉಂಡಷ್ಟೂ ಕುಸಿತ ಹೆಚ್ಚು. ಒಂದೇ ಸಲ ದೊಡ್ಡ ಊಟಕ್ಕಿಂತ ಐದಾರು ಸಣ್ಣ ಊಟ, ಊಟಕ್ಕೆ ಮೊದಲು ಒಂದು ಲೋಟ ನೀರು, ಊಟವಾದ ಕೂಡಲೇ ಒಬ್ಬರೇ ಎದ್ದು ಹೋಗದಿರುವುದು ಇದಕ್ಕೆ ಉಪಾಯ. ನೀರಿನ ಮಿತಿ ಹೇಳಿಸಿಕೊಂಡ ಹೃದ್ರೋಗಿಗಳು ಆ ಮಿತಿಯೊಳಗೇ ಕುಡಿಯಬೇಕು. ಕಾಫಿ ಕುಡಿಯುವವರಿಗೆ ಬೆಳಗಿನ ಒಂದು ಲೋಟ ನಿಜಕ್ಕೂ ಸಹಾಯ, ಮಧ್ಯಾಹ್ನ ಮೂರರ ನಂತರ ಬೇಡ.

ಹಗಲು ನಿದ್ದೆಯನ್ನು ಪೂರ್ತಿ ತಡೆಯಬೇಕಿಲ್ಲ, ತಡೆಯಲೂ ಆಗದು. ಊಟದ ನಂತರ, ಮೂರು ಗಂಟೆಯೊಳಗೆ, ಅರ್ಧ ಮುಕ್ಕಾಲು ಗಂಟೆಯ ಒಂದೇ ನಿದ್ದೆಗೆ ಜಾಗ ಮಾಡಿಕೊಡಬೇಕು. ಬೆಳಗಿನ ಎರಡು ತಾಸು ಬಾಲ್ಕನಿಯಲ್ಲೋ ಅಂಗಳದಲ್ಲೋ ಕೂರಿಸಬೇಕು, ನಡುಬಿಸಿಲಿನಲ್ಲಿ ಬೇಡ. ಸ್ನಾನ, ಮಾತುಕತೆ, ಡಾಕ್ಟರ ಭೇಟಿಯಂಥ ಶಕ್ತಿ ಬೇಡುವ ಕೆಲಸಗಳನ್ನು ಅವರು ಚುರುಕಾಗಿರುವ ಹೊತ್ತಿಗೆ ಇಟ್ಟುಕೊಳ್ಳಬೇಕು, ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬಾರದು. ಒಂದು ಕೆಲಸವೂ ಬೇಕು. ಹುರುಳಿಕಾಯಿ ನಾರು ತೆಗೆಯುವುದು, ಹೂ ಕಟ್ಟುವುದು, ಹೆಸರುಕಾಳು ಆರಿಸುವುದು, ಬಾನುಲಿಯ ಬೆಳಗಿನ ವಾರ್ತೆ ಕೇಳಿ ಮನೆಯವರಿಗೆ ಹೇಳುವುದು. ಕೈಯಲ್ಲಿ ಕೆಲಸವಿದ್ದವರ ಕಣ್ಣು ಅಷ್ಟು ಬೇಗ ಮುಚ್ಚುವುದಿಲ್ಲ.

ಎಲ್ಲ ಮಾಡಿದರೂ ನಿದ್ದೆ ಹೆಚ್ಚುತ್ತಲೇ ಹೋಗುವ ಕಾಲ ಒಂದು ಬರುತ್ತದೆ. ಕಾಯಿಲೆ ಕೊನೆಯ ಹಂತ ಮುಟ್ಟಿದಾಗ, ದೇಹ ತೀರಾ ಸವೆದಾಗ, ಹಸಿವು ಇಳಿದು ದಿನದ ಬಹುಪಾಲು ನಿದ್ದೆಯಲ್ಲಿ ಕಳೆಯುತ್ತದೆ. ವೈದ್ಯರು ನೋಡಿ ಹಾಗೆಂದು ಹೇಳಿದ ಮೇಲೆ ಎಬ್ಬಿಸಿ ಕೂರಿಸುವ, ಬಲವಂತದಿಂದ ಉಣ್ಣಿಸುವ ಹೋರಾಟ ಬೇಡ. ಮಂಪರಿನಲ್ಲಿರುವವರಿಗೆ ತುತ್ತು ತುರುಕಿದರೆ ಅದು ಶ್ವಾಸನಾಳ ಸೇರುತ್ತದೆ. ಪೂರ್ತಿ ಎಚ್ಚರವಿದ್ದಾಗ, ಬೆನ್ನು ನೆಟ್ಟಗೆ ಕೂರಿಸಿ, ಅವರು ಬಯಸಿದಷ್ಟು ಕೊಡುವುದು. ಒಣಗಿದ ತುಟಿಯನ್ನು ಒದ್ದೆ ಹತ್ತಿಯಿಂದ ಒರೆಸುವುದು. ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಆಗ ಬೇಕಾದ ಆರೈಕೆ ಇಷ್ಟೇ, ಆದರೆ ಇದು ದೊಡ್ಡ ಕೆಲಸ.

ವೈದ್ಯರ ಬಳಿ ಹೋಗುವ ಮೊದಲು ಒಂದು ವಾರ ಬರೆದಿಡುವುದು ಒಳ್ಳೆಯದು. ಎಷ್ಟು ಹೊತ್ತಿಗೆ ಮಲಗಿದರು, ರಾತ್ರಿ ಎಷ್ಟು ಸಲ ಎದ್ದರು, ಹಗಲು ಯಾವಾಗ ತೂಕಡಿಸಿದರು, ಯಾವ ಮಾತ್ರೆಯ ಎಷ್ಟು ಹೊತ್ತಿನ ಮೇಲೆ, ತೂಕ ಇಳಿದಿದೆಯೇ, ಎಲ್ಲಾದರೂ ಬಿದ್ದಿದ್ದರೇ. ಹತ್ತು ನಿಮಿಷದ ಭೇಟಿಯಲ್ಲಿ ಈ ಒಂದು ಪುಟ ವೈದ್ಯರ ಅರ್ಧ ಕೆಲಸ ಮುಗಿಸುತ್ತದೆ. ಹಿಮೋಗ್ಲೋಬಿನ್, ಸೋಡಿಯಂ, ಸಕ್ಕರೆ, ಮೂತ್ರಪಿಂಡ, ಥೈರಾಯ್ಡ್, ಬಿ-12 ಪರೀಕ್ಷೆಗಳು ಜಿಲ್ಲಾ ಕೇಂದ್ರಗಳಲ್ಲೂ ಆಗುತ್ತವೆ. ದಾರಿ ತೋಚದವರು ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಈ ಪುಟ ಬರೆಯುವವರು ಯಾರು? ಸಾಮಾನ್ಯವಾಗಿ ಮಗಳು ಅಥವಾ ಸೊಸೆ. ಹಗಲು ನಿದ್ದೆ ಮಾಡಿ ರಾತ್ರಿ ಎರಡಕ್ಕೆ ಎದ್ದು ಕೂರುವ ಹಿರಿಯರ ಜೊತೆ ತಿಂಗಳುಗಟ್ಟಲೆ ನಿದ್ದೆಗೆಡುವವರೂ ಅವರೇ. ಅವರ ಸುಸ್ತನ್ನು ಕೇಳುವವರಿಲ್ಲ. ವಾರಕ್ಕೆರಡು ರಾತ್ರಿಯಾದರೂ ಮನೆಯ ಇನ್ನೊಬ್ಬರು ಆ ಕೋಣೆಯಲ್ಲಿ ಮಲಗಬೇಕು. ದೂರದಲ್ಲಿರುವವರಿಗೂ ಪಾಲಿದೆ. ಅಜ್ಜಿ ಹೆಚ್ಚು ತೂಕಡಿಸುವುದು ಸಂಜೆ ಐದಕ್ಕಾದರೆ, ಆಗ ಅಮೆರಿಕದ ಪೂರ್ವ ತೀರದಲ್ಲಿ ಬೆಳಗಿನ ಆರೂವರೆ ಅಥವಾ ಏಳೂವರೆ. ನ್ಯೂಜೆರ್ಸಿಯಲ್ಲಿರುವ ಮಗ ಕೆಲಸಕ್ಕೆ ಹೊರಡುವ ಮೊದಲು ದಿನವೂ ಆ ಹೊತ್ತಿಗೇ ಕರೆ ಮಾಡಲಿ. "ಚೆನ್ನಾಗಿದ್ದೀಯಾ?" ಎಂದಷ್ಟೇ ಕೇಳಿ ಇಡುವುದು ಬೇಡ. ಹಾಗಲಕಾಯಿ ಗೊಜ್ಜಿಗೆ ಏನೇನು ಹಾಕಬೇಕು ಎಂದು ಕೇಳಲಿ, ಮದುವೆಯಾಗಿ ಬಂದ ವರ್ಷ ಊರಲ್ಲಿ ಮಳೆ ಹೇಗಿತ್ತು ಎಂದು ಕೇಳಲಿ. ಉತ್ತರಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಆ ಅರ್ಧ ಗಂಟೆ ಸೊಸೆ ಸ್ವಲ್ಪ ಅಡ್ಡಾಗಬಹುದು.